ಮಡ್ಡಿ ಹೊಲದಲ್ಲಿ ಬಿದಿರು

ವಿಜಯಪುರ ಸೀಮೆಯಲ್ಲಿ ರೊಟ್ಟಿ ಬುಟ್ಟಿ ಇಲ್ಲದ ಅಡಿಗೆಮನೆ ಸಿಗುವುದು ಕಷ್ಟ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ಉಗಿಯೆಲ್ಲ ನೀರಾಗಿ ಕೆಳಗಿನ ರೊಟ್ಟಿ ತೊಯ್ದು ಹೋಗುತ್ತದೆ. ಬಿದಿರ ಬುಟ್ಟಿಯಲ್ಲಿ ಹಾಗಾಗುವುದಿಲ್ಲ. ಉಗಿ ಸೀಳುಗಳ ಸಂದಿಯಿಂದ ಹೊರಗೆ ಹೋಗುತ್ತದೆ, ರೊಟ್ಟಿ ಒಣಗಿ ಕಟಕಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಹೊತ್ತೊಯ್ಯುವುದು ಬುಟ್ಟಿಯಲ್ಲಿ. ಕಾಳು ಹಸನು ಮಾಡುವುದು ಬಿದಿರ ಮರದಲ್ಲಿ. ಮದುವೆ ಹಂದರಕ್ಕೆ ಬಿದಿರ ಗಳ, ಕೂಸಿಗೆ ಬಿದಿರ ತೊಟ್ಟಿಲು, ಕಾಯಿ ಭಾರಕ್ಕೆ ಬಾಗಿದ ದಾಳಿಂಬೆ ಕೊಂಬೆಗೆ ಬಿದಿರ ಊರುಗೋಲು. ಮನುಷ್ಯ ಕೊನೆಗೆ ಊರ ಹೊರಗೆ ಹೋಗುವುದೂ ಬಿದಿರ ಮೇಲೆಯೇ.

ಇಷ್ಟೆಲ್ಲ ಬಿದಿರು ಬೇಡುವ ಈ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಒಂದು ಬಿದಿರ ಕಾಡೂ ಇಲ್ಲ! ಬುಟ್ಟಿ ಹೆಣೆಯುವ ಮೇದಾರರು, ಈ ಕಡೆ ಬುರುಡರೆಂದೂ ಕರೆಸಿಕೊಳ್ಳುವವರು, ಹೊರಗಿನಿಂದ ಲಾರಿಯಲ್ಲಿ ಬಂದ ಬೊಂಬನ್ನೇ ನಂಬಿ ಬದುಕುತ್ತಾರೆ. ಗಳದ ದರ ಏರಿದಾಗ ಬುಟ್ಟಿಯ ದರ ಏರಿಸಲು ಹೋದರೆ ಗಿರಾಕಿ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಬುಟ್ಟಿಯತ್ತ ಕೈ ಚಾಚುತ್ತಾನೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಮೇದಾರ ಕೇತಯ್ಯನೆಂಬ ಶರಣ ಬುಟ್ಟಿ ಹೆಣೆಯುವ ಕಾಯಕದವನು. ಬಸವಣ್ಣನ ಹುಟ್ಟೂರು ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಆ ಕಾಯಕಕ್ಕೆ ಬೇಕಾದ ಕಚ್ಚಾವಸ್ತು ಮಾತ್ರ ಜಿಲ್ಲೆಯಲ್ಲಿಲ್ಲ.

ಈಚಿನ ವರ್ಷಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ. ತಿಕೋಟಾ, ಬಬಲೇಶ್ವರದಂಥ ಒಣ ತಾಲ್ಲೂಕುಗಳ ಕೆಟ್ಟ ಭೂಮಿಗೆ ಬಿದಿರು ಹಾಕಿದರೆ ಮಣ್ಣೂ ಉಳಿಯುತ್ತದೆ, ರೈತನಿಗೆ ಕಾಸೂ ಬರುತ್ತದೆ, ಮೇದಾರರಿಗೆ ಬೊಂಬೂ ಸಿಗುತ್ತದೆ ಎಂಬುದು ಆ ಮಾತು. ಒಂದೇ ಕಲ್ಲಿಗೆ ಮೂರು ಹಣ್ಣು! ಇಂಥ ಮಾತನ್ನು ಒಮ್ಮೆಲೇ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ತರಗತಿಯಲ್ಲಿ ಒಂದು ಹೇಳಿಕೆಯನ್ನು ಪರೀಕ್ಷಿಸುವಂತೆ ಇದನ್ನೂ ಒಂದೊಂದಾಗಿ ಬಿಡಿಸಿ ನೋಡಬೇಕು. ಏಕೆಂದರೆ ಇಲ್ಲಿ ಪಣಕ್ಕಿರುವುದು ಪರೀಕ್ಷೆಯ ಅಂಕಗಳಲ್ಲ. ಎರಡೆಕರೆ ಹೊಲ ಇರುವವನ ನಾಲ್ಕೈದು ವರ್ಷದ ಬದುಕು.

ಮೊದಲು ಭೂಮಿಯ ವಿಷಯ. ವಿಜಯಪುರ ಜಿಲ್ಲೆ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಕೂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾರಸ ತಣ್ಣಗಾಗಿ ಆದ ಕಲ್ಲು ಇದು. ಆ ಕಲ್ಲು ಕರಗಿ ತಗ್ಗಿನಲ್ಲಿ ನಿಂತದ್ದು ಎರೆಭೂಮಿ. ದಿನ್ನೆಯ ಮೇಲೆ ಉಳಿದದ್ದು ಗೇಣುದ್ದವೂ ಇಲ್ಲದ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಅದನ್ನೇ ಜನ ಮಡ್ಡಿ ಎನ್ನುತ್ತಾರೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಡೋಣಿ ನದಿಯ ದಂಡೆಯ ಎರೆಯನ್ನು ನೋಡಿ. ಮಡ್ಡಿಯ ರೈತನನ್ನು ನೋಡಿ ಅಲ್ಲ.

ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. 1876ರಿಂದ 1878ರ ಮಹಾಬರದಲ್ಲಿ ಈ ಸೀಮೆ (ಆಗಿನ್ನೂ ಅದು ಕಲಾದಗಿ ಜಿಲ್ಲೆ) ಅನುಭವಿಸಿದ ಸಾವುನೋವು ಸರಕಾರದ ದಫ್ತರಗಳಲ್ಲೇ ದಾಖಲಾಗಿದೆ. ಅದಕ್ಕೂ ಹಿಂದೆ ಆದಿಲ್ ಶಾಹಿಗಳು ನಗರಕ್ಕೆ ಬೇಗಂ ತಲಾಬ್, ಬಬಲೇಶ್ವರ ಕಡೆಯ ಮಮದಾಪುರದಲ್ಲಿ ದೊಡ್ಡ ಕೆರೆ ಕಟ್ಟಿಸಿದ್ದು ಸುಮ್ಮನೆ ಶೋಕಿಗಲ್ಲ. ಮುಂಬೈ ಸರಕಾರ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು ಈ ಭಾಗದಲ್ಲಿ ಸಮಪಾತಳಿ ಒಡ್ಡು ಹಾಕಿಸಿತು. ಮಳೆನೀರು ಮಣ್ಣನ್ನು ಹೊತ್ತುಕೊಂಡು ಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಕಟ್ಟುವ ಒಡ್ಡು ಅದು. ಇಂದು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ದಿಬ್ಬ ಹತ್ತಿ ಬಂದಿದೆ, ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳು ಹಸುರಾಗಿವೆ. ಆದರೂ ಕಾಲುವೆಗಿಂತ ಎತ್ತರದ ಮಡ್ಡಿ ಮಡ್ಡಿಯೇ. ಅರಣ್ಯವಂತೂ ಬಹುಕಾಲದಿಂದ ಜಿಲ್ಲೆಯ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಅದಕ್ಕೆಂದೇ 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ನಗರದ ಸುತ್ತಲೂ, ಕೆರೆ ಅಂಗಳಗಳಲ್ಲೂ ಗಿಡ ನೆಡುವ ರೂಢಿ ಬಂದದ್ದು ಅದರಿಂದ.

ಇನ್ನು ಬಿದಿರು. ಅದು ಮರವಲ್ಲ. ಜೋಳ, ಕಬ್ಬು, ಗೋಧಿಗಳ ಕುಟುಂಬಕ್ಕೆ ಸೇರಿದ ಹುಲ್ಲು. ಜಗತ್ತಿನಲ್ಲಿ 1600ಕ್ಕೂ ಹೆಚ್ಚು, ನಮ್ಮ ದೇಶದಲ್ಲಿ 130ಕ್ಕೂ ಹೆಚ್ಚು ಜಾತಿಯ ಬಿದಿರುಗಳಿವೆ. ಬೇವಿನ ಮರದ ಕಾಂಡ ವರ್ಷ ವರ್ಷವೂ ದಪ್ಪವಾಗುತ್ತದಲ್ಲ, ಅದಕ್ಕೆ ತೊಗಟೆಯ ಕೆಳಗಿನ ಕ್ಯಾಂಬಿಯಂ ಎಂಬ ಬೆಳೆಯುವ ಪದರ ಕಾರಣ. ಬಿದಿರಿಗೆ ಆ ಪದರವೇ ಇಲ್ಲ. ನೆಲದಿಂದ ಮೂತಿ ಹೊರಹಾಕಿದ ಕಳಲೆ ಎಷ್ಟು ದಪ್ಪವೋ ಆ ಗಳ ಸಾಯುವವರೆಗೂ ಅಷ್ಟೇ ದಪ್ಪ. ಎತ್ತರವನ್ನೂ ಅದು ಎರಡು ಮೂರು ತಿಂಗಳಲ್ಲೇ ಮುಗಿಸಿಬಿಡುತ್ತದೆ. ಗೆಣ್ಣು ಗೆಣ್ಣಿನ ನಡುವೆಯೂ ಬೆಳೆಯುವ ಜೀವಕೋಶಗಳಿದ್ದು, ಎಲ್ಲ ಗೆಣ್ಣುಗಳೂ ಒಟ್ಟಿಗೆ ದೂರದರ್ಶಕದ ಕೊಳವೆಯಂತೆ ಚಾಚಿಕೊಳ್ಳುತ್ತವೆ. ಜಪಾನಿನಲ್ಲಿ ಒಂದೇ ದಿನದಲ್ಲಿ ಮೀಟರಿಗೂ ಮಿಕ್ಕಿ ಬೆಳೆದದ್ದು ದಾಖಲಾಗಿದೆ. ತಿಕೋಟಾದಲ್ಲಿ ಅಷ್ಟನ್ನು ನಿರೀಕ್ಷಿಸುವಂತಿಲ್ಲ ಎನ್ನಿ.

ಎಲೆಯೇ ಇಲ್ಲದ ಕಳಲೆ ಅಷ್ಟು ಬೇಗ ಬೆಳೆಯಲು ಆಹಾರ ಎಲ್ಲಿಂದ? ಪ್ರಶ್ನೆ ಮಕ್ಕಳು ಕೇಳಬೇಕಾದದ್ದೇ. ನೆಲದೊಳಗೆ ಶುಂಠಿಯ ಗಡ್ಡೆಯಂಥ ಗುಪ್ತಕಾಂಡ ಇದೆ. ಅದಕ್ಕೆ ಹಳೆಯ ಗಳಗಳು ಬಿಸಿಲಿನಲ್ಲಿ ತಯಾರಿಸಿದ ಪಿಷ್ಟವನ್ನು ವರ್ಷವಿಡೀ ಇಳಿಸುತ್ತಿರುತ್ತವೆ. ಮಳೆ ಬಿದ್ದೊಡನೆ ಕಳಲೆ ಆ ಗಂಟನ್ನು ಬಿಚ್ಚಿ ಖರ್ಚು ಮಾಡುತ್ತದೆ. ಮನೆಯಲ್ಲಿ ಹಿರಿಯರು ದುಡಿದು ಕೂಡಿಟ್ಟದ್ದನ್ನು ಮಕ್ಕಳು ಕಾಲೇಜಿಗೆ ಕಟ್ಟಿದ ಹಾಗೆ. ಈ ಒಂದು ಸಂಗತಿ ತಿಳಿದರೆ ಬಿದಿರು ಕೃಷಿಯ ಅರ್ಧ ಪಾಠ ತಿಳಿದಂತೆ. ಮೆಳೆಯ ಗಳಗಳನ್ನೆಲ್ಲ ಒಮ್ಮೆಗೇ ಬೋಳಿಸಿದರೆ ಮುಂದಿನ ವರ್ಷದ ಕಳಲೆಗೆ ಗಂಟಿಲ್ಲ, ಮೆಳೆ ಸೊರಗುತ್ತದೆ. ಮೂರು ವರ್ಷ ದಾಟಿದವನ್ನು ಮಾತ್ರ ತೆಗೆದು, ಎಳೆಯವನ್ನೂ ಕೆಲವು ಬಲಿತವನ್ನೂ ಬಿಡಬೇಕು. ಮಳೆಗಾಲದಲ್ಲಿ ಕಡಿಯಲೇಬಾರದು.

ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಬಿದಿರನ್ನು ಹಿಟ್ಟು ಮಾಡುವ ಸಣ್ಣ ಜೀರುಂಡೆ ಹುಡುಕಿ ಬರುವುದು ಪಿಷ್ಟವನ್ನೇ. ಗಳದಲ್ಲಿ ಪಿಷ್ಟದ ಪ್ರಮಾಣ ಋತುವಿನಿಂದ ಋತುವಿಗೆ ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಚಂದ್ರನ ಪಾತ್ರಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಕಡಿದ ಗಳವನ್ನು ಹದಿನೈದು ಇಪ್ಪತ್ತು ದಿನ ಕೆರೆ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಂತೂ ಪಕ್ಕಾ ವಿಜ್ಞಾನ. ಪಿಷ್ಟ, ಸಕ್ಕರೆ ಕರಗಿ ಹೊರಹೋದ ಮೇಲೆ ಹುಳುವಿಗೆ ಅಲ್ಲಿ ಊಟವಿಲ್ಲ.

ಈ ಹುಲ್ಲು ಮಣ್ಣಿಗೆ ಏನು ಮಾಡುತ್ತದೆ? ಅದರ ಬೇರುಗಳು ಆಳಕ್ಕೆ ಇಳಿಯುವುದಕ್ಕಿಂತ ಮೇಲಿನ ಒಂದೆರಡು ಅಡಿಯಲ್ಲೇ ಬಲೆಯಂತೆ ಹೆಣೆದುಕೊಳ್ಳುತ್ತವೆ. ಹಳ್ಳದ ದಂಡೆ ಕುಸಿಯದಂತೆ ಹಿಡಿಯಲು ಇಂಥ ಬಲೆ ಬೇಕು. ವರ್ಷವಿಡೀ ಉದುರುವ ಎಲೆ ನೆಲಕ್ಕೆ ಹಾಸಿಗೆಯಾಗುತ್ತದೆ. ಮಳೆಹನಿಯ ಪೆಟ್ಟು ಮಣ್ಣಿಗೆ ನೇರವಾಗಿ ಬೀಳುವುದಿಲ್ಲ. ಉತ್ತರಪ್ರದೇಶದ ಅಲಹಾಬಾದಿನ (ಈಗಿನ ಪ್ರಯಾಗರಾಜ) ಸುತ್ತ ಇಟ್ಟಿಗೆ ಭಟ್ಟಿಗಳಿಗೆಂದು ಮೇಲ್ಮಣ್ಣನ್ನೇ ಅಗೆದು ಸಾಗಿಸಿದ ಹೊಲಗಳಿದ್ದವು. ಬೇಸಿಗೆಯಲ್ಲಿ ಅಲ್ಲಿ ಏಳುತ್ತಿದ್ದುದು ಬರೀ ಧೂಳು. 1990ರ ದಶಕದ ಕೊನೆಯಲ್ಲಿ ‘ಉತ್ಥಾನ್’ ಎಂಬ ಸಂಸ್ಥೆ, ಬಿದಿರು ಮತ್ತು ಬೆತ್ತದ ಅಂತರರಾಷ್ಟ್ರೀಯ ಸಂಘಟನೆಯ ನೆರವಿನಿಂದ ಕೋಟ್ವಾ ಮೊದಲಾದ ಹಳ್ಳಿಗಳಲ್ಲಿ ಬಿದಿರು ನೆಟ್ಟಿತು. ಎಲೆಗೊಬ್ಬರ ಸೇರಿ ಮಣ್ಣು ಹದವಾಗಿ, ಅಲ್ಲಿ ಮತ್ತೆ ಬೇಸಾಯ ಕಾಲೂರಿತು. ಬಿದಿರಿನ ಪರ ಮಾತಾಡುವವರೆಲ್ಲ ಈ ಉದಾಹರಣೆ ಕೊಡುತ್ತಾರೆ, ಕೊಡಬೇಕಾದದ್ದೇ.

ಆದರೆ ಒಂದು ಮಾತು. ಅಲ್ಲಿಯದು ಗಂಗೆ ತಂದು ಹಾಕಿದ ಮೆಕ್ಕಲು. ಮೇಲಿನ ಆರಡಿ ಹೋದರೂ ಕೆಳಗೆ ಇನ್ನೂ ಮಣ್ಣೇ ಇದೆ. ತಿಕೋಟಾದ ಮಡ್ಡಿಯಲ್ಲಿ ಎರಡಡಿ ಹೋದರೆ ಗುದ್ದಲಿ ಠಣ್ಣೆನ್ನುತ್ತದೆ. ಅಲ್ಲಿ ಆದದ್ದು ಇಲ್ಲಿಯೂ ಹಾಗೆಯೇ ಆಗುತ್ತದೆ ಎಂದು ಬರೆದುಕೊಡಲು ಬರುವುದಿಲ್ಲ. ನೆರೆಯ ಮಹಾರಾಷ್ಟ್ರದ ಲಾತೂರ್ ಜಿಲ್ಲೆ ಇನ್ನೂ ಹತ್ತಿರದ ಹೋಲಿಕೆ. 2016ರ ಬೇಸಿಗೆಯಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಊರು ಅದು. ಅಲ್ಲಿನ ಲೋದಗಾ ಗ್ರಾಮದಲ್ಲಿ ಪಾಶಾ ಪಟೇಲ್ ಬಿದಿರು ಕೃಷಿಯ ಪ್ರಚಾರಕ್ಕೇ ನಿಂತಿದ್ದಾರೆ. ಅದೂ ಕಪ್ಪುಮಣ್ಣಿನ ಬರದ ನಾಡೇ. ಆದರೂ ಲಾತೂರಿನ ಸರಾಸರಿ ಮಳೆ ವಿಜಯಪುರದ್ದಕ್ಕಿಂತ ಹೆಚ್ಚು ಎಂಬುದನ್ನು ಮರೆಯಬಾರದು.

ಹಾಗಾದರೆ ಇಲ್ಲಿ ಯಾವ ಬಿದಿರು? ಮಲೆನಾಡಿನ ಮುಳ್ಳಿನ ಹೆಬ್ಬಿದಿರು ಹೊಳೆಸಾಲಿನ ತೇವ ಬಯಸುವಂಥದು. ಒಣ ಸೀಮೆಗೆ ಒಗ್ಗುವುದು ಕಿರುಬಿದಿರು. ಗಂಡು ಬಿದಿರು ಎಂದೂ ಕರೆಯುತ್ತಾರೆ, ಸಸ್ಯಶಾಸ್ತ್ರದಲ್ಲಿ ಡೆಂಡ್ರೋಕಲಾಮಸ್ ಸ್ಟ್ರಿಕ್ಟಸ್. ಇದರ ಒಂದು ವಿಶೇಷ ಕೇಳಿ: ಜಾಗ ಒಣಗಿದಷ್ಟೂ ಇದರ ಗಳದ ಪೊಳ್ಳು ಕಿರಿದಾಗುತ್ತ ಹೋಗಿ ಕೆಲವೊಮ್ಮೆ ಪೂರ್ತಿ ಗಟ್ಟಿಯಾಗಿಯೇ ಇರುತ್ತದೆ. ಪೊಲೀಸರ ಲಾಠಿ ಆಗುತ್ತಿದ್ದುದು ಈ ಬಿದಿರೇ! ಆದರೆ ಇದಕ್ಕೂ ವರ್ಷಕ್ಕೆ 750 ಮಿ.ಮೀ. ಮಳೆಯಾದರೂ ಬೇಕು, 1000 ಮಿ.ಮೀ. ಆದರೆ ಸುಖ ಎಂದು ಅರಣ್ಯಶಾಸ್ತ್ರ ಹೇಳುತ್ತದೆ. ಜೊತೆಗೆ ನೀರು ಬಸಿಯದ ಜಿಗಟು ಮಣ್ಣು ಇದಕ್ಕೆ ಆಗದು.

ಹೀಗಾಗಿ ಎರಡು ತೊಡಕು ಎದುರಾದವು. ಎರಡನೆಯದನ್ನೇ ಮೊದಲು ನೋಡೋಣ. ಎರೆಮಣ್ಣು ಮಳೆಯಲ್ಲಿ ಉಬ್ಬಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಎಳೆಯ ಬೇರನ್ನು ಹರಿಯುತ್ತದೆ. ಆಳವಾದ ಎರೆ ಹೊಲವನ್ನು ಬಿದಿರಿಗೆ ಕೊಡುವುದು ಎಮ್ಮೆಯನ್ನು ಮಾರಿ ಆಡು ತಂದಂತೆ. ಅಲ್ಲಿ ಹಿಂಗಾರಿ ಜೋಳ, ಕಡಲೆಯೇ ಇರಲಿ. ಬಿದಿರಿನ ಜಾಗ ಹೊಲದ ಅಂಚು: ಹಳ್ಳದ ದಂಡೆ, ಒಡ್ಡಿನ ಮಗ್ಗುಲು, ಕೃಷಿಹೊಂಡದ ಏರಿ, ಕಾಲುವೆಯ ಬದಿ, ಗರಸು ಇದ್ದೂ ನೀರು ಬಸಿಯುವ ಇಳಿಜಾರು. ಕೆಟ್ಟ ಭೂಮಿ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಹತ್ತು ಬಗೆಯಿವೆ. ಡೋಣಿ ದಂಡೆಯ ಸವಳು, ದಿನ್ನೆಯ ಮಡ್ಡಿ, ಕೊರಕಲು ಬಿದ್ದ ಹಳ್ಳ, ಇವಕ್ಕೆಲ್ಲ ಒಂದೇ ಔಷಧವಿಲ್ಲ. ಸವಳಿನಲ್ಲಿ ನೆಟ್ಟ ಬಿದಿರಿನ ಎಲೆತುದಿ ಸುಟ್ಟಂತಾದರೆ ಅಚ್ಚರಿಯಿಲ್ಲ.

ಜಾಗ ಸರಿಯೇ ಎಂದು ತಿಳಿಯಲು ವಿದ್ಯಾರ್ಥಿಗಳೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದಡಿ ಅಗಲ, ಒಂದೂವರೆ ಅಡಿ ಆಳದ ಕುಣಿ ತೋಡಿ. ಅದರ ತುಂಬ ನೀರು ಹಾಕಿ ಇಂಗಲು ಬಿಡಿ. ಸಂಜೆ ಮತ್ತೊಮ್ಮೆ ತುಂಬಿಸಿ, ಒಂದು ಕಡ್ಡಿ ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ನೋಡಿದಾಗ ನೀರು ಇನ್ನೂ ನಿಂತಿದ್ದರೆ ಅಲ್ಲಿ ಬಿದಿರು ಬೇಡ. ಕುಣಿ ತೋಡುವಾಗಲೇ ಬಂಡೆ ಸಿಕ್ಕರೆ ಪರೀಕ್ಷೆ ಅಲ್ಲಿಗೇ ಮುಗಿಯಿತು! ಮಣ್ಣಿನ ಉಪ್ಪಿನಂಶ ತಿಳಿಯಲು ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದವರನ್ನು ಕೇಳಬಹುದು.

ಇನ್ನು ಮಳೆಯ ಕೊರತೆ. ಇದಕ್ಕೆ ಗಣಿತ ನೆರವಾಗುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಒಂದು ಎಳೆ ಮೆಳೆಯ ಬೇರು 4 ಚದರ ಮೀಟರ್ ಹರಡಿದೆ ಎಂದುಕೊಳ್ಳೋಣ. 1000 ಮಿ.ಮೀ. ಮಳೆಯ ಸುಖ ಕೊಡಲು ಅದಕ್ಕೆ 4000 ಲೀಟರ್ ಬೇಕು. ವಿಜಯಪುರದ 600 ಮಿ.ಮೀ. ಕೊಡುವುದು 2400 ಲೀಟರ್. ಕೊರತೆ 1600. ಮೇಲಿನ ಗರಸು ಇಳಿಜಾರಿನ ಮೇಲೆ ಬಿದ್ದ ಮಳೆಯಲ್ಲಿ ಮೂರರಲ್ಲೊಂದು ಪಾಲು ಹರಿದು ಬರುತ್ತದೆ ಎಂದಿಟ್ಟುಕೊಂಡರೆ ಪ್ರತಿ ಚದರ ಮೀಟರಿನಿಂದ 200 ಲೀಟರ್ ಸಿಗುತ್ತದೆ. ಅಂದರೆ 8 ಚದರ ಮೀಟರ್ ಇಳಿಜಾರಿನ ನೀರನ್ನು ಅರ್ಧಚಂದ್ರಾಕೃತಿಯ ಒಡ್ಡಿನಿಂದ ಗಿಡದ ಬುಡಕ್ಕೆ ತಿರುಗಿಸಿದರೆ ಲೆಕ್ಕ ಸರಿಹೋಯಿತು. ಮಳೆ ಕೈಕೊಟ್ಟ ವರ್ಷ ಈ ಲೆಕ್ಕವೂ ಕೈಕೊಡುತ್ತದೆ. ಆದ್ದರಿಂದ ಮೊದಲ ಎರಡು ಬೇಸಿಗೆ ಕೊಡ ನೀರು ಹೊರುವ ತಯಾರಿ ಇರಲೇಬೇಕು. ಸುಮ್ಮನೆ ಹೊಲದ ತುಂಬ ಸಾಲುಸಾಲಾಗಿ ಕುಣಿ ತೋಡಿ ನೆಡುವುದಕ್ಕೂ, ನೀರು ಬರುವ ದಾರಿ ನೋಡಿ ನೆಡುವುದಕ್ಕೂ ಇರುವ ವ್ಯತ್ಯಾಸ ಇದು.

ಅಂಚಿನಲ್ಲಿ ನೆಡುವಾಗ ನೆರಳಿನ ಲೆಕ್ಕವನ್ನೂ ಮಾಡಬೇಕು. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 10 ಮೀಟರ್ ಎತ್ತರದ ಬಿದಿರಿನ ನೆರಳು ಉತ್ತರಕ್ಕೆ ಎಂಟೂವರೆ ಮೀಟರ್ ಚಾಚುತ್ತದೆ. ಹಿಂಗಾರಿ ಜೋಳ ತೆನೆ ಹಾಯುವ ಕಾಲ ಅದು. ದಕ್ಷಿಣದ ಬದುವಿನಲ್ಲಿ ನೆಟ್ಟರೆ ನೆರಳು ನಿಮ್ಮ ಜೋಳದ ಮೇಲೆ. ಉತ್ತರದ ಬದುವಿನಲ್ಲಿ ನೆಟ್ಟರೆ ಪಕ್ಕದವರ ಜೋಳದ ಮೇಲೆ! ಬದುವಿನ ಜಗಳ ಕೋರ್ಟಿನವರೆಗೆ ಹೋಗುವ ನಾಡಿದು. ಉತ್ತರಕ್ಕೆ ದಾರಿಯೋ ಹಳ್ಳವೋ ಇದ್ದವರು ಪುಣ್ಯವಂತರು.

ಗಿಡ ನೆಟ್ಟಾಯಿತು. ಈಗ ಬರುತ್ತದೆ ನಿಜವಾದ ವೈರಿ. ಅದು ಬರವಲ್ಲ, ಆಡು. ಕಳಲೆ ಎಂದರೆ ಮೆತ್ತನೆಯ, ಸಿಹಿಯಾದ ಮೊಳಕೆ. ದನ, ಆಡು, ಕುರಿ, ಹಂದಿ ಎಲ್ಲವಕ್ಕೂ ಇಷ್ಟ. ಇದರ ಬಗ್ಗೆ ಕರ್ನಾಟಕವೇ ಒಂದು ದೊಡ್ಡ ಪಾಠ ಕಲಿತಿದೆ.

1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರು ಮುಗಿಯದ ಗಂಟು ಎಂದು ಆಗ ಎಲ್ಲರೂ ನಂಬಿದ್ದರು. ಟನ್ನಿಗೆ ಒಂದೂವರೆ ರೂಪಾಯಿಯಂಥ ದರಕ್ಕೆ ಕಾರ್ಖಾನೆಗೆ ಬಿದಿರು ಸಿಕ್ಕಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ನೂರಾರು ಪಟ್ಟು ಹೆಚ್ಚು ಕೊಡಬೇಕಾಗಿತ್ತು. ಎರಡು ದಶಕ ಕಳೆಯುವಷ್ಟರಲ್ಲಿ ಮೆಳೆಗಳು ಬರಿದಾಗತೊಡಗಿದವು, ಮೇದಾರರು ದೂರಿದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರಾಜ್ಯದ ಬಿದಿರಿನ ಅಧ್ಯಯನಕ್ಕೆ ಇಳಿದರು.

ಅವರು ಕಂಡ ಒಂದು ಸಂಗತಿ ಬಹಳ ಸ್ವಾರಸ್ಯದ್ದು. ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಪೊದೆ ಇರುತ್ತದೆ. ಅದನ್ನು ಸವರಿ ಬುಡ ಚೊಕ್ಕಟ ಮಾಡಿದರೆ ಹೊಸ ಗಳಗಳಿಗೆ ಜಾಗವಾಗುತ್ತದೆ ಎಂಬುದು ಶಾಸ್ತ್ರೀಯ ಪದ್ಧತಿ. ಕೂಲಿಯವರು ಹಾಗೆಯೇ ಮಾಡುತ್ತಿದ್ದರು. ಹಾಗೆ ಮಾಡಿದರೆ ಮೆಳೆ ಕೆಡುತ್ತದೆ ಎಂದು ಹಳ್ಳಿಗರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಮುಳ್ಳು ಕಳಲೆಗೆ ಇದ್ದ ಬೇಲಿ. ಬೇಲಿ ತೆಗೆದೊಡನೆ ದನ, ಮುಳ್ಳುಹಂದಿ, ಮಂಗ ಕಳಲೆಯನ್ನು ತಿಂದು ಮುಗಿಸುತ್ತಿದ್ದವು. ಮೆಳೆಯಲ್ಲಿ ಹಳೆಯ ಗಳಗಳು ಹೋದವು, ಹೊಸವು ಬರಲಿಲ್ಲ.

ನಮ್ಮ ಕಿರುಬಿದಿರಿಗೆ ಮುಳ್ಳಿಲ್ಲ. ಕಾಡಿನ ಬೇಲಿಯ ಕೆಲಸವನ್ನು ಇಲ್ಲಿ ರೈತನೇ ಮಾಡಬೇಕು. ಜಾಲಿಮುಳ್ಳಿನ ಬೇಲಿಗೆ ತಿಕೋಟಾ ಸೀಮೆಯಲ್ಲಿ ಬರವಿಲ್ಲ. ಆದರೆ ಆಡು ಕಟ್ಟಿಕೊಂಡು ಬದುಕುವ ಭೂಮಿಯಿಲ್ಲದ ಕುಟುಂಬ ಊರಿನಲ್ಲಿರುತ್ತದಲ್ಲ, ಅದಕ್ಕೆ ಮೇವಿನ ಜಾಗ ಬಿಡದೆ ಗೋಮಾಳವನ್ನೆಲ್ಲ ಬಿದಿರಿಗೆ ಬೇಲಿ ಹಾಕಿದರೆ ಬೇಲಿ ಒಂದು ರಾತ್ರಿಯೂ ನಿಲ್ಲುವುದಿಲ್ಲ. ನಿಲ್ಲಲೂಬಾರದು. ಗ್ರಾಮಸಭೆಯಲ್ಲಿ ಮೊದಲು ಮಾತಾಡಿ, ಯಾವ ಮಡ್ಡಿ ಮೇಯಲು, ಯಾವುದು ನೆಡಲು ಎಂದು ಗೆರೆ ಎಳೆದುಕೊಳ್ಳುವುದು ಸಸಿ ತರುವುದಕ್ಕಿಂತ ಮುಂಚಿನ ಕೆಲಸ.

ಗಿಡ ನೆಡುವ ಉತ್ಸಾಹ ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಜೂನ್ 5ರಂದು ನೆಟ್ಟ ಸಸಿಯ ಫೋಟೋ ಬರುತ್ತದೆ, ಮುಂದಿನ ಮೇ ತಿಂಗಳಲ್ಲಿ ಅದೇ ಸಸಿಯ ಫೋಟೋ ಯಾರೂ ಕಳಿಸುವುದಿಲ್ಲ. ಈ ದೃಷ್ಟಿಯಿಂದ ಕರ್ನಾಟಕ ಅರಣ್ಯ ಇಲಾಖೆ 2011–12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಯೋಚನೆ ಒಳ್ಳೆಯದು. ಅದರಲ್ಲಿ ಹಣ ನೆಟ್ಟ ಸಸಿಗಲ್ಲ. ವರ್ಷದ ಕೊನೆಗೆ ಎಣಿಸಿದಾಗ ಬದುಕಿದ್ದ ಸಸಿಗೆ, ಮೂರು ವರ್ಷ. 2018ರಲ್ಲಿ ಮರುರಚನೆಯಾದ ರಾಷ್ಟ್ರೀಯ ಬಿದಿರು ಮಿಷನ್ನಿನಲ್ಲಿ ಗಿಡವೊಂದಕ್ಕೆ 240 ರೂಪಾಯಿ ಖರ್ಚೆಂದು ಹಿಡಿದು ಅರ್ಧವನ್ನು, ಅಂದರೆ 120 ರೂಪಾಯಿಯನ್ನು, ಮೂರು ವರ್ಷಗಳಲ್ಲಿ 60, 36, 24ರಂತೆ ಕೊಡುವ ಏರ್ಪಾಡಿತ್ತು. ಉಳಿದರ್ಧ ರೈತನದು. ಈಗ ಯಾವ ಯೋಜನೆಯಲ್ಲಿ ಎಷ್ಟಿದೆ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲೇ ವಿಚಾರಿಸಬೇಕು, ಸಸಿ ಮಾರುವವರ ಬಳಿ ಅಲ್ಲ.

ಸಸಿ ಮಾರುವವರ ಮಾತು ಬಂದದ್ದರಿಂದ ಇನ್ನೆರಡು ಮಾತು. ಬಿದಿರು ಬೇರೆ ಗಿಡಗಳಿಗಿಂತ ಮೂರನೇ ಒಂದು ಪಾಲು ಹೆಚ್ಚು ಆಮ್ಲಜನಕ ಕೊಡುತ್ತದೆ ಎಂದು ಕರಪತ್ರಗಳಲ್ಲಿ ಅಚ್ಚಾಗುತ್ತದೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ಗಿಡ ಬಿಡುವ ಆಮ್ಲಜನಕ ಅದು ಕಟ್ಟಿಕೊಂಡ ಇಂಗಾಲಕ್ಕೆ ಸಮ. ಅದು ಬಿದಿರೆಂದಾಗಲಿ ಬೇವೆಂದಾಗಲಿ ಬೇರೆ ನಿಯಮವಿಲ್ಲ. ಎಕರೆಗೆ ಲಕ್ಷಗಟ್ಟಲೆ ಆದಾಯದ ಮಾತೂ ಹೀಗೆಯೇ. 5 ಮೀಟರಿಗೆ 4 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 200 ಗಿಡ ಹಿಡಿಯುತ್ತವೆ. ಎಕರೆ ಹೊಲದ ನಾಲ್ಕು ಬದುವಿನಲ್ಲಿ ಮಾತ್ರ 5 ಮೀಟರಿಗೊಂದರಂತೆ ನೆಟ್ಟರೆ 50. ಮೊದಲ ವರ್ಷದ ಗಳ ಪೆನ್ಸಿಲ್ಲಿನಷ್ಟು ದಪ್ಪ, ಎರಡನೆಯದು ಬೆರಳಿನಷ್ಟು. ಮಾರುವಂಥ ಗಳ ನಾಲ್ಕೈದು ವರ್ಷದ ಮೇಲೆಯೇ. ಒಣ ಜಾಗದಲ್ಲಿ ಆಮೇಲೂ ಮೆಳೆಗೆ ವರ್ಷಕ್ಕೆ ನಾಲ್ಕೈದು ಸಿಕ್ಕರೆ ಅದೇ ಹೆಚ್ಚು. ಬದುವಿನ 50 ಮೆಳೆಗೆ 200 ಗಳ. ಹೊಲದ ಬದಿಯಲ್ಲಿ ನಿಂತು ಕೊಳ್ಳುವವನು ಒಂದು ಗಳಕ್ಕೆ ಎಷ್ಟು ಕೊಡುತ್ತಾನೆ ಎಂದು ಊರಿನ ಪೇಟೆಯಲ್ಲಿ ಕೇಳಿಕೊಂಡು ಬಂದು ಮಕ್ಕಳೇ ಗುಣಿಸಿ ನೋಡಲಿ. ಬರುವ ಮೊತ್ತ ಜೋಳದ ಜೊತೆಗೆ ಒಂದು ಆಸರೆ. ಜೋಳದ ಬದಲಿಗೆ ಅಲ್ಲ.

ಎರಡನೆಯದು ಹೂವಿನ ಸಂಗತಿ. ಬಿದಿರು ಜೀವಮಾನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ. ಕಿರುಬಿದಿರಿಗೆ ಈ ಅವಧಿ ಸಾಮಾನ್ಯವಾಗಿ 25ರಿಂದ 45 ವರ್ಷ. ಒಂದೇ ಬೀಜದ ಸಂತಾನ ಎಲ್ಲಿ ನೆಟ್ಟಿದ್ದರೂ ಹೆಚ್ಚುಕಡಿಮೆ ಒಟ್ಟಿಗೇ ಹೂಬಿಡುತ್ತದೆ. ಮಿಜೋರಾಂನಲ್ಲಿ ಇನ್ನೊಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೀಗೆ ಹೂಬಿಡುತ್ತದೆ. 1958–59ರಲ್ಲಿ ಅದರ ಬೀಜ ತಿಂದು ಹೆಚ್ಚಿದ ಇಲಿಗಳು ಭತ್ತವನ್ನೂ ತಿಂದು ಬರ ಬಂತು. ಆ ಬರದ ಪರಿಹಾರಕ್ಕೆಂದು ಹುಟ್ಟಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. ಬಿದಿರ ಹೂವು ಇತಿಹಾಸವನ್ನೇ ತಿರುಗಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ವಿಜಯಪುರದಲ್ಲಿ ಅಂಥದಾಗುವ ಭಯವಿಲ್ಲ. ಆದರೆ ಮುದಿ ಮೆಳೆಯ ಗಡ್ಡೆ ಕಿತ್ತು ತಂದು ನೆಟ್ಟರೆ ಅದರ ವಯಸ್ಸೂ ಜೊತೆಗೇ ಬರುತ್ತದೆ. ಐದೇ ವರ್ಷಕ್ಕೆ ಹೂಬಿಟ್ಟು ಒಣಗಬಹುದು. ಸಸಿ ಕೊಳ್ಳುವಾಗ ಬೀಜದಿಂದ ಬಂದದ್ದೇ, ಗಡ್ಡೆಯಿಂದ ಬಂದದ್ದೇ, ತಾಯಿಮೆಳೆ ಯಾವ ವರ್ಷದ್ದು ಎಂದು ಕೇಳಬೇಕು. ಉತ್ತರ ಗೊತ್ತಿಲ್ಲದ ನರ್ಸರಿಯಿಂದ ಕೊಳ್ಳದಿರುವುದೇ ಲೇಸು.

ಕಾನೂನಿನ ಕಡೆಗೂ ಒಂದು ನೋಟ. ಹುಲ್ಲಾದ ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆ ‘ಮರ’ ಎಂದು ಕರೆದಿತ್ತು. ಸಸ್ಯಶಾಸ್ತ್ರದ ಈ ತಪ್ಪು ತೊಂಬತ್ತು ವರ್ಷ ಬಾಳಿತು! 2017ರ ತಿದ್ದುಪಡಿಯಲ್ಲಿ ಆ ಪಟ್ಟಿಯಿಂದ ಬಿದಿರನ್ನು ತೆಗೆದರು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಡಿದು ಸಾಗಿಸುವುದು ಸುಲಭವಾಗಲಿ ಎಂಬುದು ಉದ್ದೇಶ. ಆದರೆ ಕರ್ನಾಟಕಕ್ಕೆ ತನ್ನದೇ ಆದ 1963ರ ಅರಣ್ಯ ಕಾಯ್ದೆಯಿದೆ. ನೆಡುವಾಗಲೇ ಪಹಣಿಯಲ್ಲಿ ಬಿದಿರು ಎಂದು ಬರೆಸಿ, ಸಾಗಣೆಯ ನಿಯಮವನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ ಬರಹದಲ್ಲಿ ಪಡೆದಿಟ್ಟುಕೊಂಡರೆ ಐದು ವರ್ಷದ ಮೇಲೆ ಚೆಕ್‌ಪೋಸ್ಟಿನಲ್ಲಿ ವಾದ ಮಾಡಬೇಕಾಗುವುದಿಲ್ಲ.

ಇಷ್ಟಾದ ಮೇಲೆ ರೈತನೂ ಮೇದಾರನೂ ಎದುರುಬದುರು ನಿಲ್ಲುತ್ತಾರೆ. ಅಲ್ಲೊಂದು ಹೊಂದಾಣಿಕೆ ಆಗಬೇಕಿದೆ. ಹಂದರಕ್ಕೆ, ಏಣಿಗೆ, ದಾಳಿಂಬೆಯ ಊರುಗೋಲಿಗೆ ಬೇಕಾದದ್ದು ಮೂರು ವರ್ಷ ದಾಟಿ ಬಲಿತ ಗಳ. ಬುಟ್ಟಿಗೆ ಬೇಕಾದದ್ದು ಒಂದೆರಡು ವರ್ಷದ ಎಳೆಯದು. ಬಲಿತದ್ದನ್ನು ದಬ್ಬೆಯಾಗಿ ಸೀಳಿ ಬಗ್ಗಿಸಿದರೆ ಮುರಿಯುತ್ತದೆ. ಎಳೆಯ ಹಸಿಗಳವಾದರೆ ಕಾಗದದಷ್ಟು ತೆಳ್ಳಗೆ ಸೀಳಿದರೂ ರಿಬ್ಬನ್ನಿನಂತೆ ಸುತ್ತುತ್ತದೆ. ಆದರೆ ಎಳೆಯವನ್ನೆಲ್ಲ ಕಡಿದರೆ ಮುಂದೆ ಬಲಿಯಲು ಉಳಿಯುವುದೇನು? ಮೆಳೆಯಲ್ಲಿ ಈ ವರ್ಷ ಎಂಟು ಕಳಲೆ ಮೇಲೆದ್ದರೆ ಮರುವರ್ಷ ಅದರಲ್ಲಿ ಎರಡು ಬುಟ್ಟಿಗೆ, ಆರು ಬೆಳೆಯಲಿಕ್ಕೆ ಎಂಬಂಥ ಒಪ್ಪಂದವಾದರೆ ಇಬ್ಬರಿಗೂ ನಡೆಯುತ್ತದೆ. ವಿಜಯಪುರದ ಪೇಟೆಯಲ್ಲಿ ಬುಟ್ಟಿ ಹೆಣೆಯುವ ಕುಟುಂಬಕ್ಕೆ ಲಾರಿಯ ಬಾಡಿಗೆ ಉಳಿಯುತ್ತದೆ, ರೈತನಿಗೆ ಎರಡನೆಯ ಗಿರಾಕಿ ಸಿಗುತ್ತಾನೆ.

ಇದಕ್ಕೆ ಗಳದ ವಯಸ್ಸು ತಪ್ಪದೆ ತಿಳಿಯಬೇಕು. ಮೊದಲ ವರ್ಷದ ಗಳದ ಗೆಣ್ಣಿಗೆ ಕಂದು ಹಾಳೆಯಂಥ ಹೊದಿಕೆ ಇನ್ನೂ ಅಂಟಿರುತ್ತದೆ, ಮೈಮೇಲೆ ಬಿಳಿಯ ಹುಡಿ ಇರುತ್ತದೆ. ಎರಡನೆಯ ವರ್ಷ ಹೊದಿಕೆ ಉದುರಿ ಮೈ ಹಸುರಾಗಿ ಹೊಳೆಯುತ್ತದೆ. ಆಮೇಲೆ ಹೊಳಪು ಹೋಗಿ ಬೂಷ್ಟಿನ ಕಲೆ ಬೀಳುತ್ತದೆ, ತಟ್ಟಿದರೆ ಗಟ್ಟಿ ದನಿ ಬರುತ್ತದೆ. ನಾಲ್ಕನೆಯ ವರ್ಷಕ್ಕೆ ಇವೆಲ್ಲ ಬೆರೆತು ಗೊಂದಲವಾಗುವುದೇ ಹೆಚ್ಚು. ಅದಕ್ಕೆ ಅತಿ ಸುಲಭದ ದಾರಿ ಒಂದು ಡಬ್ಬಿ ಎಣ್ಣೆಬಣ್ಣ. ದಸರಾ ರಜೆಯಲ್ಲಿ ಮನೆಯ ಮಕ್ಕಳು ಮೆಳೆ ಮೆಳೆಗೂ ಹೋಗಿ, ಆ ಮಳೆಗಾಲದಲ್ಲಿ ಹುಟ್ಟಿದ ಗಳಗಳಿಗೆಲ್ಲ ಎದೆಯೆತ್ತರದಲ್ಲಿ ಒಂದೇ ಬಣ್ಣದ ಪಟ್ಟೆ ಬಳಿದು, ಎಷ್ಟು ಹುಟ್ಟಿದವು ಎಂದು ವಹಿಯಲ್ಲಿ ಬರೆಯಬೇಕು. ಮುಂದಿನ ವರ್ಷ ಬೇರೆ ಬಣ್ಣ. ಮೂರು ಬಣ್ಣ ಮುಗಿದ ಮೇಲೆ ಮೊದಲನೆಯ ಬಣ್ಣದ ಗಳ ಕಡಿಯಲು ಸಿದ್ಧ. ಬುಟ್ಟಿಗೆ ಬೇಕಾದವರು ನವೆಂಬರಿನಲ್ಲಿ ಬಂದಾಗ ಹಿಂದಿನ ವರ್ಷದ ಬಣ್ಣ ತೋರಿಸಿದರಾಯಿತು.